ರೆಕ್ಕೆ ಅಜ್ಜಿ ಮತ್ತು ಹಳದಿ ವಿಮಾನ

ಮಗಳು ಉಗುರಿಗೆ ಬಣ್ಣ ಹಚ್ಚಿಕೊಳ್ಳುತ್ತಿದ್ದಳು. ಆ ಘಾಟು ಮೂಗಿಗೆ ಬಡಿದದ್ದೇ ಪುರವರದ ನಮ್ಮ ಎದುರುಮನೆ ಅಜ್ಜಿ ನೆನಪಾದರು. ಈ ವಾಸನೆ ಬಂದರೆ ಅವರು ಸೆರಗಿನಿಂದ ಮೂಗು ಮುಚ್ಚಿಕೊಂಡು ಒಳಗೆದ್ದು ಹೋಗುತ್ತಿದ್ದರು.

ಊರಲ್ಲಿ ಎಲ್ಲರೂ ಅವರನ್ನು ‘ರೆಕ್ಕೆ ಅಜ್ಜಿ’ ಅನ್ನುತ್ತಿದ್ದರು. ನಾನೂ ಹಾಗೇ ಕೂಗುತ್ತಿದ್ದೆ, ಹೊಗಳಿಕೆಯೆಂದೇ ತಿಳಿದು. ಮುಂದೆ ನಾನು ಟೀಚರಾಗಿ, ಶಾಲೆಯ ಮಕ್ಕಳನ್ನು ಬೆಂಗಳೂರಿಗೆ ಹಳೇ ವಿಮಾನಗಳನ್ನು ತೋರಿಸಲು ಕರೆದುಕೊಂಡು ಹೊರಟಾಗ ಅಜ್ಜಿ, “ನಾನೂ ಬತ್ತೀನಿ ಕಣಮ್ಮ” ಅಂದರು. ಬಸ್ಸಿನಲ್ಲಿ ಎಲ್ಲ ಹೇಳಿದರು...

ಮಹಾಯುದ್ಧದ ಕಾಲ. ಅಜ್ಜಿ ಆಗಷ್ಟೇ ಮದುವೆಯಾಗಿ ಬಂದಿದ್ದ ಸೊಸೆ. ಪೈಲಟ್‌ಗಳಿಗೆ ತರಬೇತಿ ಕೊಡುವ ಹಳದಿ ವಿಮಾನವೊಂದು ಪೆಟ್ರೋಲ್ ಮುಗಿದು ಒಣಗಿದ ಕೆರೆಯಂಗಳದಲ್ಲಿ ಇಳಿಯಿತು. ಇಳಿದವನು ಮೀಸೆ ಚಿಗುರುತ್ತಿದ್ದ ಹುಡುಗ, ಕನ್ನಡ ಬಾರದು. ಅಜ್ಜಿ ಕೊಟ್ಟ ನೀರು ಕುಡಿದು, ವಿಮಾನ ನೋಡಿಕೊಳ್ಳಿ ಎಂದು ಕೈಸನ್ನೆ ಮಾಡಿದ. ಇವರು ಆಗಲಿ ಎಂದು ತಲೆಯಾಡಿಸಿದರು. ಅವನು ಪೆಟ್ರೋಲಿಗಾಗಿ ಮಧುಗಿರಿ ಕಡೆ ನಡೆದ.

ವಿಮಾನದ ರೆಕ್ಕೆಗೆ ಹೊದಿಸಿದ್ದು ಬಟ್ಟೆ. ಮೇಲೆ ಈ ಉಗುರುಬಣ್ಣದಂಥದೇ ಘಾಟಿನ ಬಣ್ಣ ಬಳಿದಿದ್ದರಿಂದ ಹನಿ ನೀರೂ ಇಳಿಯುತ್ತಿರಲಿಲ್ಲ. ಅಜ್ಜಿಯ ಮನೆಯ ಸೂರು ಸೋರುತ್ತಿತ್ತು, ಮಳೆಗಾಲ ಹತ್ತಿರ ಬಂದಿತ್ತು. ಮಾವ ಕುಡುಗೋಲು ತಂದು, ಸೂರಿಗೆ ಹೊದಿಸಲೆಂದು ರೆಕ್ಕೆಯ ಬಟ್ಟೆ ಕುಯ್ಯತೊಡಗಿದರು. ಊರವರೂ ಸೇರಿಕೊಂಡರು.

“ಬ್ಯಾಡ ಅನ್ನಕ್ಕೆ ನಂಗೆ ಬಾಯೇ ಬರ್ಲಿಲ್ಲ. ಇನ್ನೊಂದು ತುದೀನ ನಾನೇ ಹಿಡ್ಕಂಡಿದ್ದೆ” ಅಂದರು ಅಜ್ಜಿ.

ಹುಡುಗ ಪೆಟ್ರೋಲ್ ಡಬ್ಬ ಹೊತ್ತು ಬಂದಾಗ ರೆಕ್ಕೆಯಲ್ಲಿ ಬರೀ ಮರದ ಪಟ್ಟಿಗಳು ಉಳಿದಿದ್ದವು. ಆಮೇಲೆ ಮಿಲಿಟರಿ ಲಾರಿ ಬಂತು. ಅಧಿಕಾರಿ ಒಬ್ಬೊಬ್ಬರನ್ನೇ ತೋರಿಸಿ, ವಿಮಾನ ನೋಡಿಕೊಳ್ಳಲು ಇವರಿಗಾ ಹೇಳಿಹೋದದ್ದು ಎಂಬಂತೆ ಹುಡುಗನನ್ನು ಕೇಳಿದ. ಬೆರಳು ಅಜ್ಜಿಯ ಕಡೆ ತಿರುಗಿತು. ಹುಡುಗ ಅವರ ಮುಖ ನೋಡಿ, ಅಲ್ಲ ಎಂದು ತಲೆಯಾಡಿಸಿದ. ಎಲ್ಲರೆದುರು ಬೈಸಿಕೊಂಡು ಲಾರಿ ಹತ್ತಿದ.

ಬೆಂಗಳೂರಲ್ಲಿ ಅಂಥದೇ ಒಂದು ಹಳದಿ ವಿಮಾನವಿತ್ತು. ಪಕ್ಕದ ಫಲಕವನ್ನು ಓದಿ ಹೇಳಿದೆ. ಯುದ್ಧದಲ್ಲಿ ಎಷ್ಟೋ ಹುಡುಗರಿಗೆ ಹಾರಲು ಕಲಿಸಿ, ಆಮೇಲೆ ಫ್ಲೈಯಿಂಗ್ ಕ್ಲಬ್ಬಿನಲ್ಲಿ ದುಡಿದು, ಶೆಡ್ಡೊಂದರಲ್ಲಿ ಧೂಳು ಹಿಡಿದು ಕೊನೆಗೆ ಇಲ್ಲಿಗೆ ಬಂದಿತ್ತು.

“ನಮ್ಮೂರ ಹೆಸ್ರು ಐತಾ?”

“ಇಲ್ಲಜ್ಜಿ. ಅದೇ ವಿಮಾನ ಅಂತ ಹೆಂಗೆ ಹೇಳೋದು?”

“ಅದೇ ಆಗಿದ್ರೆ, ಆಮ್ಯಾಕೂ ಹಾರೈತೆ. ಅಲ್ವಾ?”

“ಹೂಂ, ಹಾರಿದೆ.”

“ಆ ಹುಡುಗುನ್ನ ಮತ್ತೆ ಹಾರಕ್ಕೆ ಬುಟ್ರೋ ಇಲ್ವೋ...”

ಅಜ್ಜಿ ವಿಮಾನದ ಸುತ್ತಲಿನ ಕಂಬಿ ಹಿಡಿದು ತಲೆ ತಗ್ಗಿಸಿ ನಿಂತುಬಿಟ್ಟರು. ಎಲ್ಲರೂ ಬಸ್ಸು ಹತ್ತಿದ ಮೇಲೂ ನಿಂತೇ ಇದ್ದರು. ರೆಕ್ಕೆ ಅಜ್ಜಿ ಎಂದು ನಾನು ಮತ್ತೆಂದೂ ಕೂಗಲಿಲ್ಲ.

ಅಜ್ಜಿ ತೀರಿಕೊಂಡು ಎಷ್ಟೋ ವರ್ಷಗಳಾದವು. ಇದನ್ನೆಲ್ಲ ಕೇಳಿದ ಮಗಳು ಫೋನ್ ಕೈಗೆತ್ತಿಕೊಂಡು, “ಆಗಿನ ಪೈಲಟ್‌ಗಳ ವಿವರ ಎಲ್ಲ ಸಿಗುತ್ತಮ್ಮ, ಆ ಹುಡುಗನ ಹೆಸರೇನು?” ಅಂದಳು.

ನೀರು ಕುಡಿದ ಮೇಲೆ ಅವನು ಎದೆ ಮುಟ್ಟಿಕೊಂಡು ತನ್ನ ಹೆಸರು ಹೇಳಹೊರಟಿದ್ದನಂತೆ. ಪರಗಂಡಸಿನ ಮಾತು ಕೇಳುತ್ತ ನಿಲ್ಲಬಾರದೆಂದು ಹೊಸ ಸೊಸೆ ಚೊಂಬು ಕಿತ್ತುಕೊಂಡು ಮನೆಗೆ ಓಡಿದ್ದಳು.