ಪಟ್ಟಿಯ ತುದಿಯ ಮಡಿಕೆ

ಪಟ್ಟಿಯಕ್ಕನಿಗೆ ಒಂದು ಸದ್ದು ಮಾತ್ರ ಆಗುತ್ತಿರಲಿಲ್ಲ. ಚೀಲದ ಪಟ್ಟಿಯನ್ನು ಸಡಿಲಿಸುವಾಗ ತುದಿಯ ಮಡಿಕೆ ಬಕಲಿಗೆ ಬಂದು ತಡೆದು ನಿಲ್ಲುತ್ತದಲ್ಲ, ಟಕ್ ಅಂತ, ಅದು. ಬಸ್ಸಿನಲ್ಲಿ ಪಕ್ಕದವರು ಚೀಲ ಬಿಚ್ಚಿದರೂ ಸಾಕು, ಅವಳ ಎಡಗಾಲು ತಾನಾಗಿಯೇ ಹಿಂದಕ್ಕೆ ಸರಿಯುತ್ತಿತ್ತು.

ಹೊಲಿಗೆಯೇ ಅವಳ ಕಸುಬು. ಉಡುವ ಬಟ್ಟೆಯಲ್ಲ, ಚೀಲ, ಟಾರ್ಪಾಲು, ಸೀಟಿನ ಗವಸು, ದಪ್ಪ ನೈಲಾನ್ ಪಟ್ಟಿ. ನದಿಗಿಳಿಯುವವರು ದೂರದಿಂದ ಹುಡುಕಿಕೊಂಡು ಬರುತ್ತಿದ್ದರು. ಆದರೆ ಗಂಡ ಆ ನದಿಯಲ್ಲೇ ಹೋದ ಮೇಲೆ, ಹನ್ನೊಂದು ವರ್ಷ, ದೋಣಿಯ ಕಾಲುಪಟ್ಟಿಯನ್ನು ಅವಳು ಹೊಲಿಯಲಿಲ್ಲ. ಕೇಳಿದರೆ, “ಕಣ್ಣು ಮಂಜು ಕಣಪ್ಪಾ” ಎನ್ನುವಳು. ಒಂದೇ ಏಟಿಗೆ ಸೂಜಿಗೆ ದಾರ ಪೋಣಿಸುವವಳ ಕಣ್ಣು ಮಂಜಂತೆ!

ಮಗಳು ಈಜುಕೊಳದಲ್ಲಿ ಮಕ್ಕಳಿಗೆ ಈಜು ಕಲಿಸುತ್ತಿದ್ದಳು. ಬರುವ ಭಾನುವಾರ, ಅಪ್ಪ ಇಳಿದಿದ್ದ ಅದೇ ಹರಿವಿಗೆ ತಾನೂ ಇಳಿಯುವುದೆಂದು ಹಟ ಹಿಡಿದಳು. ಬೇಡ ಅಂದಷ್ಟೂ ಬಿಗಿಯಾದಳು. ಕೊನೆಗೆ ಪಟ್ಟಿಯಕ್ಕ, “ಹಾಗಾದ್ರೆ ದೋಣಿ ಆರಿಸೋಕೆ ನಾನೂ ಬರ್ತೀನಿ” ಎಂದು ಚಪ್ಪಲಿ ಮೆಟ್ಟಿದಳು.

ದೋಣಿಗಳಿದ್ದದ್ದು ಗಾಳಿಮಾವನ ಶೆಡ್ಡಿನಲ್ಲಿ. ಟ್ಯೂಬಿಗೆ ತೇಪೆ ಹಾಕುವುದು ಅವನ ಕೆಲಸ, ಅದಕ್ಕೇ ಆ ಹೆಸರು. ಗಂಡನ ಜೀವದ ಗೆಳೆಯ; ಅಂದು ಬರಿದಾದ ದೋಣಿಯನ್ನು ಹೊತ್ತು ತಂದವನೂ ಅವನೇ.

ಎರಡು ಉದ್ದನೆಯ ಗಾಳಿಕೊಳವೆ, ಅವುಗಳ ಮೇಲೆ ಅಡ್ಡಕ್ಕೆ ಅಲ್ಯುಮಿನಿಯಂ ಚೌಕಟ್ಟು, ನಡುವೆ ಒಂದು ಸೀಟು, ಕಾಲು ತೂರಿಸಲು ಆಚೆ ಈಚೆ ಒಂದೊಂದು ಪಟ್ಟಿ. ಒಬ್ಬರು ಕೂತು ಹುಟ್ಟು ಹಾಕುವ ಜೋಡಿದೋಣಿ ಅಂದರೆ ಇಷ್ಟೇ. ಮಗಳ ಕಣ್ಣು ಸಪೂರವಾದ ಕೆಂಪು ದೋಣಿಯ ಮೇಲೆ ಬಿತ್ತು.

“ಅದು ಓಡುತ್ತೆ ಚೆನ್ನಾಗಿ, ಆದ್ರೆ ಹೊರಳೋದೂ ಅಷ್ಟೇ ಚೆನ್ನಾಗಿ,” ಎಂದ ಗಾಳಿಮಾವ. “ಈ ಬೂದು ಬಣ್ಣದ್ದು ನೋಡು. ಕೊಳವೆ ದಪ್ಪ, ಮೂತಿ ಎರಡೂ ಕಡೆ ಮೇಲೆದ್ದಿದೆ. ಅಲೆ ಬಂದ್ರೆ ಚುಚ್ಚಲ್ಲ, ಏರುತ್ತೆ.”

“ಎಮ್ಮೆ ಥರ ಇದೆ ಮಾವ.”

“ಎಮ್ಮೆ ನೀರಲ್ಲಿ ಮುಳುಗಿದ್ದು ಕಂಡಿದ್ದೀಯಾ?”

ಪಟ್ಟಿಯಕ್ಕ ಬೂದು ದೋಣಿಯ ಸೇರಿಕೆಗಳ ಮೇಲೆ ಉಗುರು ಎಳೆದಳು. ಎಲ್ಲೂ ಎದ್ದಿರಲಿಲ್ಲ. ಗಾಳಿ ತುಂಬುವ ಬಾಯಿಗೆ ಕೆನ್ನೆ ಒಡ್ಡಿದಳು. ಸೋರಿಕೆಯಿರಲಿಲ್ಲ. ಆದರೂ ಒಳಗಿನಿಂದ ಯಾರೋ ಉಸಿರು ಕಟ್ಟಿಕೊಂಡು ಕಾಯುತ್ತಿದ್ದಂತೆ ಅನಿಸಿ, ಮುಖ ಕಿತ್ತುಕೊಂಡಳು. “ಇದೇ ಇರಲಿ” ಎಂದಳು.

ಶೆಡ್ಡಿನ ಮುಂದಿನ ಮರಳಿನ ಮೇಲೆ, ಮಟಮಟ ಮಧ್ಯಾಹ್ನ, ಜೋಡಿಸಲು ಕೂತರು. ಚೌಕಟ್ಟು ಬಿಗಿದು ಇನ್ನಷ್ಟು ಗಾಳಿ ತುಂಬಿದ ಮೇಲೆ ಗಾಳಿಮಾವ ಕೊಳವೆಗಳ ಮೇಲೆ ಬಕೆಟ್ಟುಗಟ್ಟಲೆ ತಣ್ಣೀರು ಸುರಿದು ಗುದ್ದಿ ನೋಡಿದ. ಮತ್ತೆ ಸುರಿದ. ಮತ್ತೆ ಗುದ್ದಿದ.

“ಸಾಕು ಮಾವ, ಅದಕ್ಕೆ ಶೀತ ಆಗುತ್ತೆ!”

“ಬಿಸಿಲಲ್ಲಿ ಗಾಳಿ ಹಿಗ್ಗಿರುತ್ತೆ ಮಗಾ, ತಣ್ಣೀರಿಗೆ ಇಳಿದ ಕೂಡಲೇ ಮೆತ್ತಗಾಗುತ್ತೆ.” ಅವನು ಕೊಳವೆಯ ಮೇಲಿಂದ ಕೈ ತೆಗೆಯಲಿಲ್ಲ. “ಅವತ್ತು ನಾನು ನೀರು ಹೊಯ್ದು ನೋಡ್ಲಿಲ್ಲ, ಮೆತ್ತಗಾಗಿ ಮಗುಚಿತು. ನೋಡಿದ್ದಿದ್ರೆ ನಿಮ್ಮಪ್ಪ ಇರ್ತಿದ್ದ.”

ಈ ಮಾತನ್ನು ಪಟ್ಟಿಯಕ್ಕ ಹನ್ನೊಂದು ವರ್ಷದಿಂದ ಕೇಳುತ್ತ ಬಂದಿದ್ದಳು. ಪ್ರತಿ ಸಲವೂ ತಲೆ ತಗ್ಗಿಸಿ ಸುಮ್ಮನಿದ್ದಳು. ಈಗಲೂ ಹಾಗೇ ಇರುತ್ತಿದ್ದಳೇನೋ. ಅಷ್ಟರಲ್ಲಿ ಮಗಳು ಚೀಲದಿಂದ ಎರಡು ಹೊಸ ಕಾಲುಪಟ್ಟಿ ತೆಗೆದು ಹೆಮ್ಮೆಯಿಂದ ಚೌಕಟ್ಟಿಗೆ ಕಟ್ಟಿದಳು.

“ನೀನು ಹೊಲಿಯಲ್ಲ ಅಂತೀಯಲ್ಲ, ನಾನೇ ಹೊಲಿದೆ. ನೋಡಮ್ಮ, ಪಟ್ಟಿ ಬಕಲಿಂದ ಜಾರಿ ಬೀಳಬಾರದು ಅಂತ ತುದಿ ಎರಡು ಸಲ ಮಡಿಚಿದ್ದೀನಿ. ಥೇಟ್ ನೀನು ಮೊದಲು ಮಡಿಚ್ತಿದ್ದ ಹಾಗೇ!”

ಬಕಲಿನ ನಾಲಿಗೆ ಎತ್ತಿ ಎಳೆದು ತೋರಿಸಿದಳು. ಟಕ್.

ಪಟ್ಟಿಯಕ್ಕನ ಎಡಗಾಲು ಹಿಂದಕ್ಕೆ ಸರಿಯಿತು. ಅವಳು ಮೆಲ್ಲಗೆ ಎದ್ದಳು. “ಇಲ್ಲೇ ಇರಿ. ಆ ಪಟ್ಟಿಗೆ ಯಾರೂ ಕಾಲು ಹಾಕಬೇಡಿ” ಎಂದು ಮನೆಗೆ ಹೋಗಿ, ಮೆಷಿನ್ನಿನ ಕೆಳಗಿದ್ದ ಗುಂಡಿಡಬ್ಬಿ ಹಿಡಿದು ಬಂದಳು. ಗುಂಡಿಗಳ ಅಡಿಯಲ್ಲಿ ಸುತ್ತಿಟ್ಟ ಹಳೇ ಪಟ್ಟಿಯಿತ್ತು. ಬಕಲು ಅದರಲ್ಲೇ ಸಿಕ್ಕಿಕೊಂಡಿತ್ತು. ಅದನ್ನು ಗಾಳಿಮಾವನ ಕೈಗೆ ಹಾಕಿದಳು.

“ನೀವು ದೋಣಿ ತಂದ ದಿನ ಕತ್ತರಿಸಿಟ್ಟೆ. ಪಟ್ಟಿ ಜಾರಿ ನೀರಿಗೆ ಬೀಳುತ್ತೆ, ಏನಾದ್ರೂ ಮಾಡು ಅಂತ ಇವಳಪ್ಪ ಅಂದಿದ್ರು. ಮಡಿಚಿ ಹೊಲಿದೆ. ಅಚ್ಚುಕಟ್ಟಾಗಿದೆ ಅಂತ ಹೊಗಳಿದ್ರು. ನೋಡಿ, ಆ ಮಡಿಕೆ ಬಕಲಿಗೇ ಬಂದು ನಿಂತಿದೆ. ದೋಣಿ ಮಗುಚಿದ ಮೇಲೆ ಅವರು ನಾಲಿಗೆ ಎತ್ತಿದ್ದಾರೆ, ಪಟ್ಟಿ ಎಳೆದಿದ್ದಾರೆ, ಮಾಡಬೇಕಾದ್ದೆಲ್ಲ ಮಾಡಿದ್ದಾರೆ. ಹರಿವು ಕಿತ್ತುಕೊಳ್ಳೋ ತನಕ ನನ್ನ ಹೊಲಿಗೆ ಬಿಡಲಿಲ್ಲ.”

ಗಾಳಿಮಾವ ಪಟ್ಟಿಯನ್ನು ಎಳೆದ. ಬಿಡಲಿಲ್ಲ. ಮತ್ತೆ ಎಳೆದ. ಆಮೇಲೆ ಮರಳಿನಲ್ಲೇ ಕುಕ್ಕರಿಸಿದ.

“ಹನ್ನೊಂದು ವರ್ಷ, ಅತ್ತಿಗೆ,” ಎಂದ. ಬೈದನೋ ಅತ್ತನೋ ತಿಳಿಯಲಿಲ್ಲ. “ನೀರು ಹೊಯ್ದೂ ಹೊಯ್ದೂ ನನ್ನ ಭುಜ ಬಿದ್ದುಹೋಯ್ತಲ್ಲ. ಒಂದು ಮಾತು ಹೇಳ್ಬಾರದಿತ್ತಾ?”

“ಬಾಯಿ ಬರಲಿಲ್ಲ.”

ಮಗಳು ಯಾರ ಮುಖವನ್ನೂ ನೋಡಲಿಲ್ಲ. ಗುಂಡಿಡಬ್ಬಿಯಲ್ಲಿದ್ದ ಅಮ್ಮನ ಕತ್ತರಿ ತೆಗೆದುಕೊಂಡು ತನ್ನ ಎರಡೂ ಪಟ್ಟಿಗಳ ಮಡಿಕೆಯ ಒಂದೊಂದೇ ಹೊಲಿಗೆ ಬಿಚ್ಚಿದಳು. ಎಳೆ ಬಿಚ್ಚದಂತೆ ಬೆಂಕಿಕಡ್ಡಿಯಿಂದ ತುದಿ ಸುಟ್ಟು ಚಪ್ಪಟೆ ಮಾಡಿದಳು. ಆಮೇಲೆ ಕೇಳಿದಳು, “ಇನ್ಯಾರಿಗೆ ಹೀಗೆ ಹೊಲಿದು ಕೊಟ್ಟಿದ್ದೆ?”

“ಮೂರು ಜನಕ್ಕೆ. ಆ ವಾರವೇ ಹೋಗಿ, ಹೊಸದು ಹಾಕಿಕೊಡ್ತೀನಿ ಅಂತ ಕಿತ್ತು ತಂದೆ. ಯಾಕೆ ಅಂತ ಮಾತ್ರ ಹೇಳಲಿಲ್ಲ.”

ಪಟ್ಟಿಯಕ್ಕ ಸೆರಗು ಸಿಕ್ಕಿಸಿ ದೋಣಿ ಹತ್ತಿದಳು. ಮಗಳು ಹೌಹಾರಿ, “ನಿನಗೇನಾಯ್ತಮ್ಮ, ಇಳಿ!” ಅಂದರೂ ಕೇಳಲಿಲ್ಲ. ಸೀಟಿನ ಮೇಲೆ ಕೂತು ಎಡಗಾಲನ್ನು ಪಟ್ಟಿಯೊಳಗೆ ತೂರಿಸಿ ಬಿಗಿದಳು.

“ಮಗುಚಿ,” ಎಂದಳು.

ಇಬ್ಬರೂ ಸೇರಿ ಕೊಳವೆಯನ್ನು ಮೆಲ್ಲಗೆ ಎತ್ತಿದರು. ದೋಣಿ ಪಕ್ಕಕ್ಕೆ ವಾಲಿತು, ಆಕಾಶ ತಿರುಗಿತು, ಬೆನ್ನು ಮರಳಿಗೆ ಬಿತ್ತು. ಬೂದು ನೆರಳು ಮೇಲಿನಿಂದ ಮುಚ್ಚಿಕೊಂಡಿತು. ಗಂಡ ಕೊನೆಗೆ ಕಂಡದ್ದು ಇಷ್ಟೇ ಇರಬೇಕು. ಕತ್ತಲೆಯಲ್ಲಿ ತಡಕಿ ಬಕಲಿನ ನಾಲಿಗೆ ಎತ್ತಿದಳು, ಎಳೆದಳು.

ಸರ್ರನೆ ಪಟ್ಟಿ ಪೂರ್ತಿ ಹೊರಬಂತು. ಕಾಲು ಬಿಡುಗಡೆಯಾಯಿತು.

“ಬಿಡ್ತೇನಮ್ಮ?” ಮಗಳು ಹೊರಗಿನಿಂದ ಕೂಗಿದಳು.

ಪಟ್ಟಿಯಕ್ಕ ಕಿವಿಗೊಟ್ಟು ಮಲಗಿದ್ದಳು. ಟಕ್ ಎನ್ನುವ ಸದ್ದು ಇನ್ನೂ ಬರಬಹುದೇನೋ ಎಂದು ಕಾದಳು. ಬರಲಿಲ್ಲ.

“ಬಿಡ್ತು,” ಎಂದಳು ಕೊನೆಗೆ. “ಬಲಗಾಲಿನದ್ದೂ ನೋಡಬೇಕು. ಎತ್ತಿ.”