ಯಾರೂ ಇಲ್ಲದವರ ವಾರ್ಡು

ಎಂಬತ್ತರ ದಶಕದ ಕೊನೆಯ ವರ್ಷಗಳಲ್ಲಿ ನಾವು ಗೋರೆಗಾಂವ್‌ನಲ್ಲಿದ್ದೆವು. ನಮ್ಮ ಯಜಮಾನರಿಗೆ ಫೋರ್ಟ್‌ನ ಬ್ಯಾಂಕೊಂದರಲ್ಲಿ ಕೆಲಸ. ಮಗಳು ಶಾಲೆಗೆ ಹೋಗತೊಡಗಿದ ಮೇಲೆ, ಮೈಸೂರಿನಿಂದ ಬಂದಿದ್ದ ನನಗೆ ಹಗಲು ಉದ್ದವಾಗಿ ಕಾಣತೊಡಗಿತು. ನಮ್ಮ ಬಿಲ್ಡಿಂಗಿನ ಹೆಂಗಸೊಬ್ಬರು ಸಾಂತಾಕ್ರೂಜ್‌ನ ಒಂದು ಆಶ್ರಮಕ್ಕೆ ಸೇವೆಗೆಂದು ಹೋಗುತ್ತಿದ್ದರು. ಹಾಸಿಗೆ ಹಿಡಿದ, ದಿಕ್ಕಿಲ್ಲದ ಮುದುಕ ಮುದುಕಿಯರನ್ನು ಸಾಯುವತನಕ ನೋಡಿಕೊಳ್ಳುವ ಜಾಗ ಅದು. ಒಮ್ಮೆ ಅವರ ಜೊತೆ ಹೋದವಳು ಆಮೇಲೆ ಬುಧವಾರ, ಭಾನುವಾರ ತಪ್ಪದೆ ಹೋಗತೊಡಗಿದೆ. ಅವರು ಬಿಟ್ಟರು, ನಾನು ಬಿಡಲಿಲ್ಲ.

ಅಲ್ಲಿದ್ದ ನಿಯಮ ಒಂದೇ. ಹಿಂದೆ ಮುಂದೆ ಯಾರೂ ಇಲ್ಲದವರಿಗೆ ಮಾತ್ರ ಹಾಸಿಗೆ. ಮಕ್ಕಳಿರುವವರನ್ನು ಬಾಗಿಲಿನಿಂದಲೇ ವಾಪಸ್ಸು ಕಳಿಸುತ್ತಿದ್ದರು. ಅಲ್ಲಿನ ಮೇಟ್ರನ್ ರತ್ನಾಗಿರಿ ಕಡೆಯ ಮರಾಠಿ ಹೆಂಗಸು, ಗಟ್ಟಿ ದನಿ, ಕಡಿಮೆ ಮಾತು. ನನ್ನ ಜೊತೆ ಅರ್ಧ ಮರಾಠಿ, ಅರ್ಧ ಹಿಂದಿಯಲ್ಲಿ ಮಾತಾಡುತ್ತಿದ್ದರು. ನಾನು ಮುದುಕಿಯರ ತಲೆ ಬಾಚುತ್ತಿದ್ದೆ, ಕೈ ಬಾರದವರಿಗೆ ಗಂಜಿ ಕುಡಿಸುತ್ತಿದ್ದೆ. ಮೊದಮೊದಲು ಮನೆಗೆ ಬಂದರೆ ಊಟ ಸೇರುತ್ತಿರಲಿಲ್ಲ. ಬರುಬರುತ್ತ ವಾರ್ಡಿನ ವಾಸನೆ ಅಭ್ಯಾಸವಾಯಿತು.

ಗಂಡಸರ ವಾರ್ಡಿನಲ್ಲಿ ಧಾರವಾಡದ ಕಡೆಯ ಒಬ್ಬ ಅಜ್ಜ ಇದ್ದರು. ಪಾರ್ಶ್ವವಾಯು ಹೊಡೆದು ಬಲಗಡೆ ಪೂರಾ ಬಿದ್ದುಹೋಗಿತ್ತು. ಮಾತು ಮಾತ್ರ ಉಳಿದಿತ್ತು. ಕನ್ನಡ ಕೇಳಿದರೆ ಮುಖ ಅರಳುತ್ತಿತ್ತು. "ನಿಮ್ಮ ಕನ್ನಡ ಭಾಳ ಮೆತ್ತಗ ಅದರೀ ತಾಯಿ, ಬೆಣ್ಣಿ ತಿಂದ್ಹಂಗ," ಎನ್ನುತ್ತಿದ್ದರು. ಅವರನ್ನು ಅಲ್ಲಿಗೆ ತಂದು ಸೇರಿಸಿದ್ದವರೂ ಧಾರವಾಡದವರೇ. ಫೋರ್ಟ್‌ನ ಯಾವುದೋ ಆಫೀಸಿನಲ್ಲಿ ಗುಮಾಸ್ತರು, ನಲವತ್ತರ ಆಸುಪಾಸು, ದಟ್ಟ ಮೀಸೆ. ದಾದರ್ ಸ್ಟೇಷನ್ನಿನ ಬೆಂಚಿನ ಮೇಲೆ ಒಬ್ಬರೇ ಬಿದ್ದಿದ್ದ ಅಜ್ಜನನ್ನು ಕಂಡು, ನಮ್ಮ ಭಾಷೆಯವರು ಎಂದು ಮರುಗಿ, ಟ್ಯಾಕ್ಸಿಯಲ್ಲಿ ಕರೆತಂದರಂತೆ. ಆಮೇಲೆ ತಾವೂ ಸೇವೆಗೆ ಸೇರಿಕೊಂಡರಂತೆ. ಪ್ರತಿ ಭಾನುವಾರ ಬೆಳಿಗ್ಗೆ ಬಂದು ವಾರ್ಡಿನ ಎಲ್ಲ ಗಂಡಸರಿಗೂ ಗಡ್ಡ ಹೆರೆದು, ಉಗುರು ಕತ್ತರಿಸಿ ಹೋಗುತ್ತಿದ್ದರು. ಬಾಗಿಲ ಕಡೆಯಿಂದ ಶುರುಮಾಡಿ ಅಜ್ಜನ ಮಂಚಕ್ಕೆ ಬರುವಾಗ ಅದೇ ಕೊನೆಯದಾಗಿರುತ್ತಿತ್ತು.

"ಸಾಹೇಬ್ರ, ಇವತ್ತ ಗಾಡಿ ತಡ ಆತೇನ್ರಿ?" ಎಂದು ಅಜ್ಜ ಕೇಳುವರು.

"ಹೌದ್ರಿ, ಮಾಹಿಮ್ ಹತ್ರ ನಿಂತಿತ್ರಿ," ಎಂದು ಅವರು ಬ್ರಷ್ಷಿಗೆ ಸೋಪು ಹಚ್ಚುವರು.

ಅಷ್ಟೇ ಮಾತು. ಇಬ್ಬರೂ ಒಬ್ಬರಿಗೊಬ್ಬರು ಬಹುವಚನದಲ್ಲೇ ಮಾತಾಡುತ್ತಿದ್ದರು.

ಒಂದು ಭಾನುವಾರ ಅಜ್ಜನಿಗೆ ಗಂಜಿ ಕುಡಿಸುತ್ತ, "ಮಕ್ಕಳು ಯಾರೂ ಇಲ್ಲವಾ ಅಜ್ಜಾ?" ಎಂದು ಕೇಳಿದೆ.

"ಯಾರೂ ಇಲ್ರೀ ತಾಯಿ."

ಒಬ್ಬರೇ ಊರಿನಿಂದ ದಾದರ್‌ವರೆಗೆ ಬರುವ ಸ್ಥಿತಿಯಲ್ಲಿ ಅವರು ಇರಲಿಲ್ಲ. ಯಾರೋ ತಂದು ಬಿಟ್ಟಿರಬೇಕು ಎಂದು ನನಗೆ ಅನುಮಾನ. "ಹೆತ್ತವರನ್ನ ಸ್ಟೇಷನ್ನಲ್ಲಿ ಬಿಟ್ಟು ಹೋಗ್ತಾರಲ್ಲ, ಅಂಥವರಿಗೆ ಅನ್ನ ಹೇಗೆ ಗಂಟಲಲ್ಲಿ ಇಳಿಯುತ್ತೋ," ಅಂದೆ.

ಗುಮಾಸ್ತರು ಪಕ್ಕದ ಮಂಚದಲ್ಲಿ ನಮಗೆ ಬೆನ್ನು ಮಾಡಿ ಯಾರದೋ ಉಗುರು ಕತ್ತರಿಸುತ್ತಿದ್ದರು. ಅಜ್ಜ ಗಂಜಿಯ ಚಮಚವನ್ನು ಎಡಗೈಯಿಂದ ಪಕ್ಕಕ್ಕೆ ಸರಿಸಿದರು. "ಹಂಗ ಅನಬ್ಯಾಡ್ರಿ. ಈ ಊರಾಗ ಒಂದ ಖೋಲ್ಯಾಗ ಏಳೆಂಟ ಮಂದಿ ಬಾಳೇ ಮಾಡ್ತಾರ. ನೀವು ಫ್ಲ್ಯಾಟಿನಾಗ ಇರವ್ರು, ನಿಮಗ ಅದು ತಿಳಿಯೂದಿಲ್ಲ." ಅವರಲ್ಲಿ ಅಷ್ಟು ಖಾರ ನಾನು ಕಂಡಿರಲಿಲ್ಲ. ಯಾರದೋ ಪರವಾಗಿ ಯಾಕೆ ಇಷ್ಟು ಸಿಟ್ಟು ಅನ್ನಿಸಿತು. ಅಷ್ಟಕ್ಕೇ ಬಿಟ್ಟೆ.

ಮಳೆಗಾಲ ಮುಗಿಯುವ ಹೊತ್ತಿಗೆ ಅಜ್ಜ ಇಳಿಯತೊಡಗಿದರು. ಒಂದು ಬುಧವಾರ ನಾನು ಹೋದಾಗ ಉಸಿರು ಗೊರಗೊರ ಅನ್ನುತ್ತಿತ್ತು. ಡಾಕ್ಟರು ಬಂದು ನೋಡಿ ಹೋಗಿದ್ದರು. ನನ್ನ ಗುರುತು ಹಿಡಿದರೋ ಇಲ್ಲವೋ, "ಇವತ್ತ ರವಿವಾರ ಏನ್ರಿ?" ಎಂದು ಎರಡು ಸಲ ಕೇಳಿದರು. ನಾನು ಹೌದು ಅಂದೆ. ಮಧ್ಯಾಹ್ನದ ಚಹಾ ಹಂಚುವ ಹೊತ್ತಿಗೆ ಹೋಗಿಬಿಟ್ಟರು.

ಇಂಥವರ ಸಂಸ್ಕಾರವನ್ನು ಆಶ್ರಮವೇ ಮಾಡುತ್ತಿತ್ತು. ಆದರೂ ಮೇಟ್ರನ್ ಗುಮಾಸ್ತರ ಆಫೀಸಿಗೆ ಫೋನು ಮಾಡಿದರು. ಸಂಜೆಯೊಳಗೆ ಅವರು ಬಂದರು. ಬಾಗಿಲಲ್ಲಿ ಚಪ್ಪಲಿ ಬಿಟ್ಟು ನೆಟ್ಟಗೆ ಮಂಚದ ಹತ್ತಿರ ಹೋದರು. ಆಮೇಲೆ ಬೀರುವಿನಿಂದ ತಮ್ಮ ಕ್ಷೌರದ ಪೆಟ್ಟಿಗೆ ತೆಗೆದು, ಬಿಸಿನೀರು ಬೇಕು ಅಂದರು. ನಾನು ತಂದುಕೊಟ್ಟೆ. ಜೀವವಿದ್ದವರಿಗೆ ಮಾಡುವಂತೆಯೇ, ನೋವಾದೀತೆಂಬಂತೆ, ಅಜ್ಜನ ಕೆನ್ನೆ ನೇವರಿಸಿ ಗಡ್ಡ ಹೆರೆದರು. ಒದ್ದೆ ಬಟ್ಟೆಯಿಂದ ಮುಖ ಒರೆಸಿದರು.

ಮುಗಿಯಿತು ಅಂದುಕೊಂಡು ನಾನು ನೀರಿನ ಬೋಗುಣಿಗೆ ಕೈ ಹಾಕಿದೆ. ಅವರು, "ಇರಲ್ರಿ," ಅಂದರು. ಕಿಟಕಿಯ ಸರಳಿಗೆ ಸಣ್ಣ ಕನ್ನಡಿ ಸಿಕ್ಕಿಸಿದರು, ಬೇರೆ ಬ್ಲೇಡು ಹಾಕಿದರು, ತಮ್ಮ ಮೀಸೆಗೆ ಸೋಪು ಹಚ್ಚಿದರು. ನಾನು ನೋಡುತ್ತಿದ್ದಂತೆಯೇ ಅರ್ಧ ಮೀಸೆ ಹೋಯಿತು, ಇನ್ನರ್ಧವೂ ಹೋಯಿತು.

ನಮ್ಮಲ್ಲಿ ಗಂಡಸು ಮೀಸೆ ತೆಗೆಸುವುದು ಯಾವಾಗ ಎಂದು ಯಾರೂ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಪಕ್ಕದ ಮಂಚದ ಅಂಚಿನಲ್ಲಿ, ಅಲ್ಲಿ ಮಲಗಿದ್ದವರ ಕಾಲಿಗೆ ತಾಗಿಕೊಂಡೇ, ಕೂತುಬಿಟ್ಟೆ.

"ನಿಮ್ಮ..." ಅಂದೆ.

"ನಮ್ಮ ಅಪ್ಪಾರ ರೀ," ಅಂದರು. ಮೀಸೆಯಿಲ್ಲದ ಆ ಮುಖ ನನಗೆ ಗುರುತೇ ಸಿಗದಂತಿತ್ತು.

ನೆಲದ ಮೇಲೆ, ಮಂಚಕ್ಕೆ ಒರಗಿ ಕೂತು ಅವರೇ ಹೇಳಿದರು. ದಾದರ್‌ನ ಚಾಳಿನಲ್ಲಿ ಅವರದು ಒಂದೇ ಖೋಲಿ. ಹೆಂಡತಿ, ಮೂರು ಮಕ್ಕಳು, ಗಂಡನನ್ನು ಕಳೆದುಕೊಂಡ ತಂಗಿ, ತಂದೆ. ಪಾರ್ಶ್ವವಾಯು ಆದ ಮೇಲೆ ತಂದೆಯನ್ನು ದಿನಕ್ಕೆ ನಾಲ್ಕಾರು ಸಲ ಎಲ್ಲರಿಗೂ ಸೇರಿದ ಪಡಸಾಲೆಯ ತುದಿಯ ಕಕ್ಕಸಿಗೆ ಹೊತ್ತೊಯ್ಯಬೇಕು. ಇವರು ಆಫೀಸಿಗೆ ಹೋದರೆ ಹೊರುವವರಿಲ್ಲ. ಒಂದು ದಿನ ಹೆಂಡತಿ, ತಂಗಿ ಇಬ್ಬರೂ ಎತ್ತಲು ಹೋಗಿ ಮುದುಕರು ಎಲ್ಲರೆದುರು ಹೊಲಸಿನಲ್ಲಿ ಬಿದ್ದರು. ಆಮೇಲೆ ಮತ್ತೆ ಆಸ್ಪತ್ರೆ. ಅಲ್ಲಿಂದ ಬಿಡುಗಡೆ ಮಾಡಿದ ದಿನ ವರಾಂಡದಲ್ಲಿ ತಂದೆಯೇ ಅಂದರಂತೆ, ನಾನು ಆ ಮನೆಗೆ ಬರುವುದಿಲ್ಲ ಎಂದು.

"ನಾ ಎಷ್ಟೋ ಕಡೆ ಕೇಳಿದ್ದೆ ರೀ. ಮಗಾ ಇದ್ದವರನ್ನ ಯಾರೂ ಇಟ್ಕೊಳ್ಳೂದಿಲ್ಲ. ಅವರಿಗೆ ಗೊತ್ತಿತ್ತು. 'ನನಗ ಯಾರೂ ಇಲ್ಲಂತ ನಾನ ಹೇಳ್ತೀನಿ. ನೀ ವಾರಕ್ಕೊಮ್ಮೆ ಬಾ, ಆದ್ರ ಅಪ್ಪಾ ಅನಬ್ಯಾಡ' ಅಂದ್ರು. ನಾ ಒಪ್ಪಲಿಲ್ಲ. ಟ್ಯಾಕ್ಸಿ ಒಳಗ ಬೈದ್ರು ನನಗ. ಇಲ್ಲಿ ಬಾಗಿಲದಾಗ ಇಳಿದಕೂಡ್ಲೆ, 'ಉಪಕಾರ ಆತ್ರಿ ಸಾಹೇಬ್ರ' ಅಂದ್ರು." ಅವರು ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡರು. "ಅವತ್ತಿಂದ ಒಂದು ದಿನಾನೂ ನನ್ನ ಹೆಸರು ಹಿಡದು ಕರೀಲಿಲ್ರಿ. ಯಾರೂ ಇಲ್ಲದಾಗೂ ಕರೀಲಿಲ್ಲ."

ಸಂಸ್ಕಾರ ತಾವೇ ಮಾಡುವುದಾಗಿ ಮೇಟ್ರನ್‌ಗೆ ಹೇಳಿದರು. ತಾವು ಮಗನೆಂದೂ ಹೇಳಿದರು. ಆಕೆ ಸಿಡಿಯುತ್ತಾರೆ ಎಂದುಕೊಂಡಿದ್ದೆ. ಆಕೆ, ನಾಲ್ಕು ಜನರನ್ನು ಕರೆದುಕೊಂಡು ಬನ್ನಿ, ಗಾಡಿಗೆ ನಾನು ಹೇಳುತ್ತೇನೆ, ಅಂದರು ಅಷ್ಟೇ.

ಗುಮಾಸ್ತರು ಹೊರಗೆ ಹೋದ ಮೇಲೆ ನಾನು ತಡೆಯಲಾರದೆ ಕೇಳಿದೆ, "ನಿಮಗೆ ಸಿಟ್ಟು ಬರಲಿಲ್ಲವಾ?"

"ಅವರಿಬ್ಬರ ಕಿವಿ ಒಂದೇ ಥರ ಇರುವುದು ನೀವು ನೋಡಿಲ್ಲವಾ? ನಾನು ಮೊದಲ ತಿಂಗಳೇ ನೋಡಿದೆ." ಆಕೆ ಹಾಸಿಗೆಯ ಬಟ್ಟೆ ಎಳೆದು ಸುತ್ತತೊಡಗಿದರು. "ಈ ವಾರ್ಡಿನಲ್ಲಿ ಇಂಥವರು ಇನ್ನೂ ಇದ್ದಾರೆ. ಯಾರು ಅಂತ ಮಾತ್ರ ಕೇಳಬೇಡಿ."

ಮಂಚಗಳ ಉದ್ದದ ಸಾಲನ್ನು ನೋಡಿದೆ. ಎಷ್ಟೋ ದಿನದಿಂದ ಕಂಡ ಮುಖಗಳೇ. ಅವತ್ತು ಒಂದೂ ಪರಿಚಯದ್ದು ಅನ್ನಿಸಲಿಲ್ಲ. ಸಾಂತಾಕ್ರೂಜ್‌ನಲ್ಲಿ ರೈಲು ಹತ್ತಿದ್ದು ನೆನಪಿದೆ. ಗೋರೆಗಾಂವ್ ಬಂದದ್ದೂ ಹೋದದ್ದೂ ತಿಳಿಯಲಿಲ್ಲ. ಕೊನೆಯ ಸ್ಟೇಷನ್ ಬೊರಿವಲಿಯಲ್ಲಿ ಬೋಗಿ ಖಾಲಿಯಾದಾಗ ಮೀನಿನ ಬುಟ್ಟಿಯವಳೊಬ್ಬಳು ಭುಜ ಅಲ್ಲಾಡಿಸಿ ಎಬ್ಬಿಸಿದಳು. ನಿದ್ದೆ ಮಾಡಿರಲಿಲ್ಲ, ಕಣ್ಣು ತೆರೆದೇ ಕೂತಿದ್ದೆ.

ನಾನು ಹೋಗುವುದನ್ನು ಬಿಡಲಿಲ್ಲ. ಆದರೆ ಮಕ್ಕಳಿದ್ದಾರಾ ಎಂದು ಆಮೇಲೆ ಅಲ್ಲಿ ಯಾರನ್ನೂ ಕೇಳಲಿಲ್ಲ. ಪ್ರತಿ ಬುಧವಾರ ಒಬ್ಬ ಮುದುಕಿಗೆ ಹೂವು ತಂದು ಮುಡಿಸುತ್ತಿದ್ದ ಗುಜರಾತಿ ಹೆಂಗಸು ಒಮ್ಮೆ ಎದುರಾದಾಗ ನಾನೇ ಬೇರೆ ಕಡೆ ನೋಡಿದೆ. ಗುಮಾಸ್ತರು ಮತ್ತೆ ಬರಲಿಲ್ಲ.

ಆಮೇಲೆ ಅವರು ಕಂಡದ್ದು ಒಂದೇ ಸಲ, ಮುಂದಿನ ಬೇಸಗೆಯಲ್ಲಿ, ದಾದರ್‌ನ ಸೇತುವೆಯ ಮೇಲೆ, ಜನರ ನೂಕಿನಲ್ಲಿ. ಮೀಸೆ ಮತ್ತೆ ಬಂದಿತ್ತು, ಕೈಯಲ್ಲಿ ತರಕಾರಿ ಚೀಲ. ಕಂಬಕ್ಕೆ ಒತ್ತಿಕೊಂಡು ನಿಂತೆವು.

"ಈಗ ದಾಡಿ ಯಾರು ಮಾಡ್ತಾರ್ರಿ ಅವರಿಗೆಲ್ಲಾ?" ಎಂದು ಕೇಳಿದರು.

"ಹದಿನೈದು ದಿನಕ್ಕೊಮ್ಮೆ ಒಬ್ಬ ನಾಯಿ ಬರ್ತಾನೆ," ಅಂದೆ, ಮರಾಠಿಯವರು ಕ್ಷೌರಿಕನಿಗೆ ನ್ಹಾವಿ ಅನ್ನುವುದನ್ನು ಅವಸರದಲ್ಲಿ ತಪ್ಪಾಗಿ ಹೇಳಿ. ಅವರಿಗೆ ನಗು ಬಂತು, ನನಗೂ ಬಂತು.

"ಬರಬೇಕಂತ ಎರಡ ಸಲ ಸಾಂತಾಕ್ರೂಜ್‌ನಾಗ ಇಳಿದಿದ್ದೆ ರೀ," ಅಂದರು. "ಗೇಟಿನ ತನಕಾ ಹೋಗಿ ತಿರುಗಿ ಬಂದೆ."

ಕೆಳಗೆ ಬೊರಿವಲಿ ಸ್ಲೋ ಲೋಕಲ್ ಬಂದು ನಿಂತಿತು. "ಹೋಗ್ರಿ, ನಿಮ್ಮ ಗಾಡಿ ಬಂತು," ಎಂದು ಅವರೇ ನನಗೆ ದಾರಿ ಬಿಡಿಸಿಕೊಟ್ಟರು.