ಹೆಂಗಸರ ಸಾಲಿನಲ್ಲಿ ಕುಳಿತ ಭಾಗೀರಥಿ

ಬೈಲಹೊಂಗಲದ ಗಂಗಯ್ಯ ಸರ್ ಅವರ ಮನೆಯ ಗೇಟಿಗೆ ಒಂದು ಹಿತ್ತಾಳೆ ಫಲಕವಿದೆ. ಅದರಲ್ಲಿ ಅವರ ಹೆಸರು, ಹೆಸರಿನ ಹಿಂದೆ ಮೂರು ಪದವಿ, ಕೆಳಗೆ ‘ನಿವೃತ್ತ ಪ್ರಾಚಾರ್ಯರು’, ಅದರ ಕೆಳಗೆ ಎರಡು ಸಂಘಗಳ ಮಾಜಿ ಅಧ್ಯಕ್ಷಗಿರಿ. ಈ ಮನುಷ್ಯ ಪ್ರತಿ ರವಿವಾರ ಮುಂಜಾನೆ ‘ನಾನು’ ಎಂಬುದೇ ಇಲ್ಲ ಎಂಬ ಬುದ್ಧನ ಮಾತನ್ನು ನಮಗೆ ಕಲಿಸುತ್ತಿದ್ದರು. ಗೊಬ್ಬರದ ಅಂಗಡಿಯ ಮಹಡಿಯ ಮೇಲೆ ಹದಿನೆಂಟು ಇಪ್ಪತ್ತು ಜನ, ಬಹುಪಾಲು ಪಿಂಚಣಿಯವರು, ಕಣ್ಣು ಮುಚ್ಚಿ ಕೇಳುತ್ತಿದ್ದೆವು. ನಾನು ಶಾಲಾ ಶಿಕ್ಷಕಿ. ಧ್ಯಾನ ಮಾಡಿದರೆ ರಕ್ತದೊತ್ತಡ ಇಳಿಯುತ್ತದೆಂದು ಯಾರೋ ಹೇಳಿದ್ದಕ್ಕೆ ಸೇರಿದವಳು. ಉಳಿದವರೂ ಇದಕ್ಕಿಂತ ದೊಡ್ಡ ಕಾರಣಕ್ಕೇನೂ ಬಂದವರಲ್ಲ. ಆ ಬುದ್ಧನ ಪಾಠವನ್ನು ನಿಜಕ್ಕೂ ಬೇಕೆಂದು ಬಂದವಳು ಭಾಗೀರಥಿ ಒಬ್ಬಳೇ. ಆಕೆಯನ್ನೇ ಎಬ್ಬಿಸಿ ಕಳಿಸಿದೆವು.

ಆಕೆ ಹುಟ್ಟಿದ್ದು ರಾಮದುರ್ಗದ ಕಡೆಯ ಕಟಕೋಳದಲ್ಲಿ, ಒಕ್ಕಲುತನದ ಮನೆಯಲ್ಲಿ. ಮನೆಯವರು ಇಟ್ಟ ಹೆಸರು ನೀಲಪ್ಪ. ಹದಿನೇಳರ ಹೊತ್ತಿಗೆ ತಾನು ಹೆಣ್ಣು ಎಂಬುದು ಆಕೆಗೂ ಗೊತ್ತಿತ್ತು, ಊರಿಗೂ ಗೊತ್ತಿತ್ತು. ತಾಯಿ ಸೋಮವ್ವ ಮತ್ತು ಅಣ್ಣ ಪರಶು ಸವದತ್ತಿಗೆ ಕರೆದೊಯ್ದರು. ಎಲ್ಲಮ್ಮ ಮೈಮೇಲೆ ಬಂದಿದ್ದರೆ ಮುತ್ತು ಕಟ್ಟಿಸಿ ದೇವಿಗೆ ಬಿಡುವುದು, ಬಂದಿರದಿದ್ದರೆ ಹುಡುಗಿ ನೋಡಿ ಮದುವೆ ಮಾಡುವುದು ಎಂದು ಇಬ್ಬರೂ ಮಾತಾಡಿಕೊಂಡಿದ್ದರು. ಅಲ್ಲಿದ್ದ ಹಿರಿಯ ಜೋಗತಿಯೊಬ್ಬಳು ಕೇಳಿದಾಗ, ತನ್ನ ಮೈಮೇಲೆ ಯಾರೂ ಬಂದಿಲ್ಲ, ತಾನು ಇರುವುದೇ ಹೀಗೆ ಎಂದು ಆಕೆ ಹೇಳಿದಳು. ಜೋಗತಿ ನಕ್ಕು ತನ್ನ ಬುತ್ತಿಯಲ್ಲಿ ಅರ್ಧ ರೊಟ್ಟಿ ಕೊಟ್ಟಳಂತೆ. ಪರಶು ಬಸ್ ನಿಲ್ದಾಣದಲ್ಲಿ ಎಲ್ಲರೆದುರು ಹೊಡೆದ. ಮಗಳನ್ನು ಮಗಳೆನ್ನಲು ನಮ್ಮ ಮಂದಿಗೆ ದೇವಿಯ ಶಿಫಾರಸು ಬೇಕು. ಅದಿಲ್ಲದೆ ಬಂದವಳಿಗೆ ಏಟು.

ಆಕೆ ಕಟಕೋಳದ ಬಸ್ಸು ಹತ್ತಲಿಲ್ಲ. ಬೈಲಹೊಂಗಲಕ್ಕೆ ಬಂದು ಶಾಹಜಾನಬಿಯ ಹೊಲಿಗೆ ಅಂಗಡಿಯ ಮುಂದೆ ನಿಂತಳು. ಶಾಹಜಾನಬಿ ಕೇಳಿದ್ದು ಒಂದೇ ಪ್ರಶ್ನೆ: ಗುಂಡಿಗೆ ಕಾಜಾ ಹಾಕಲು ಬರುತ್ತದೆಯೇ? ಬರುವುದಿಲ್ಲ, ಕಲಿಯುತ್ತೇನೆ ಎಂದಳು. ಇಪ್ಪತ್ತು ವರ್ಷವಾಯಿತು. ಈಗ ಶಾಹಜಾನಬಿಗೆ ಕಣ್ಣು ಮಂದ, ಅಂಗಡಿ ನಡೆಸುವವಳು ಭಾಗೀರಥಿ. ಊರಿನ ಮರ್ಯಾದಸ್ಥ ಹೆಂಗಸರೆಲ್ಲ ಜಂಪರಿನ ಅಳತೆ ಕೊಡುವುದು ಆಕೆಗೇ. ಟೇಪು ಹಿಡಿದಾಗ ಆಕೆ ಹೆಣ್ಣು. ಅಂಗಡಿಯ ಮೆಟ್ಟಿಲಿಳಿದ ಕೂಡಲೇ ಅದೇ ಹೆಂಗಸರು ಬಾಯಿಗೆ ಸೆರಗು ಹಿಡಿದು ‘ಅದು’ ಎನ್ನುತ್ತಿದ್ದರು. ನಾನೂ ಅಂದಿದ್ದೇನೆ.

ಆಕೆ ಹೊಲಿಯುತ್ತ ಮೊಬೈಲಿನಲ್ಲಿ ಪ್ರವಚನ ಕೇಳುತ್ತಿದ್ದಳು. ಒಂದು ದಿನ ಯಾರೋ ಭಿಕ್ಕು, ದೇಹವೂ ಭಾವವೂ ನೆನಪೂ ಹರಿಯುತ್ತಿರುವಂಥವು, ಅವುಗಳ ಹಿಂದೆ ಗಟ್ಟಿಯಾದ ‘ನಾನು’ ಎಂದು ಹುಡುಕಿದರೆ ಏನೂ ಸಿಗದು ಎಂದರಂತೆ. ಭಾಗೀರಥಿ ಮಶೀನು ನಿಲ್ಲಿಸಿದಳು. ಹುಟ್ಟಿದಂದಿನಿಂದ ಎಲ್ಲರೂ ಆಕೆಯನ್ನು ಕೇಳಿದ್ದು ಒಂದೇ, ನೀನು ಯಾವುದು ಗಟ್ಟಿಯಾಗಿ ಹೇಳು ಎಂದು. ಗಟ್ಟಿಯಾದದ್ದು ಯಾರಲ್ಲೂ ಇಲ್ಲವೆಂದು ಕೇಳಿ ಆಕೆಗೆ ಅಳು ಬಂತಂತೆ.

ಹೀಗೆ ಗಂಗಯ್ಯನವರ ಮಹಡಿ ಹತ್ತಿದಳು. ಅಲ್ಲಿ ಎಡಕ್ಕೆ ಗಂಡಸರ ಚಾಪೆ, ಬಲಕ್ಕೆ ಹೆಂಗಸರ ಚಾಪೆ. ಬಲಗಡೆ ಕೊನೆಯ ಸಾಲಿನಲ್ಲಿ ಕುಳಿತಳು. ಮೂರು ರವಿವಾರ ಎಲ್ಲರೂ ಕಣ್ಣು ಮುಚ್ಚಿಕೊಂಡೇ ಇದ್ದರು, ಧ್ಯಾನದಿಂದಲ್ಲ, ಆಕೆಯನ್ನು ನೋಡಬಾರದೆಂದು. ಆಕೆಯ ಪಕ್ಕದ ಎರಡು ಚಾಪೆ ಖಾಲಿ ಉಳಿಯುತ್ತಿದ್ದವು.

ನಾಲ್ಕನೆಯ ರವಿವಾರ ಗಂಗಯ್ಯ ಸರ್ ಪ್ರವಚನವನ್ನು ಆಕೆಯ ಕಡೆಗೇ ತಿರುಗಿಸಿದರು. ನಾನು ಹೆಣ್ಣು ಎಂಬ ಹಟವೂ ಅಹಂಕಾರವೇ, ಅದನ್ನು ಬಿಡದೆ ಬಿಡುಗಡೆಯಿಲ್ಲ ಎಂದರು. ಗಂಡಸರೆಲ್ಲ ತಲೆದೂಗಿದರು. ನಾನು ಗಂಡು ಎಂಬ ಹಟವನ್ನು ಯಾರು ಯಾವಾಗ ಬಿಟ್ಟಿದ್ದರೋ ಗೊತ್ತಿಲ್ಲ. ಆಮೇಲೆ ಸರ್ ನೋಂದಣಿ ಪುಸ್ತಕ ನೋಡಿ, ಮೆಲ್ಲಗೆ, ದೊಡ್ಡ ಕರುಣೆ ತೋರುವವರಂತೆ ಹೇಳಿದರು.

“ನೀಲಪ್ಪ, ನೀ ಈ ಕಡೆ ಬಂದು ಕುಂಡ್ರು.”

ನೋಂದಣಿಗೆ ಕೊಟ್ಟ ಆಧಾರ್ ಕಾರ್ಡಿನಲ್ಲಿ ಇನ್ನೂ ಆ ಹೆಸರಿತ್ತು. ಭಾಗೀರಥಿ ಏಳಲಿಲ್ಲ.

“ನಾನು ಅನ್ನೂದು ಇಲ್ಲಂದ್ರ, ಈ ನೀಲಪ್ಪ ಎಲ್ಲಿಂದ ಬಂದಾನ್ರಿ ಸರ್?” ಎಂದಳು. “ಭಾಗೀರಥಿ ಅಷ್ಟ ಸುಳ್ಳು, ನೀಲಪ್ಪ ಖರೇ ಏನ್ರಿ?”

“ವ್ಯವಹಾರಕ್ಕ ಒಂದು ಹೆಸರು ಬೇಕಾಗತೈತಿ,” ಎಂದರು ಸರ್.

“ವ್ಯವಹಾರಕ್ಕ ಭಾಗೀರಥಿ ಇಪ್ಪತ್ತು ವರ್ಷ ನಡದೈತ್ರಿ. ನಿಮ್ಮ ಮನಿಯವರ ಜಂಪರಿಗೂ ಅದ ನಡದೈತಿ.”

ಸರ್ ಅವರ ಕಿವಿ ಕೆಂಪಾದವು. ಬುದ್ಧನ ಕಾಲದಲ್ಲಿ ಇಂಥವರನ್ನು ಭಿಕ್ಕುಗಳ ಸಂಘಕ್ಕೆ ಸೇರಿಸುತ್ತಿರಲಿಲ್ಲ, ಹಾಗೆಂದು ನಿಯಮವೇ ಇದೆ ಎಂದರು. ಆ ನಿಯಮ ತಾನೂ ಕೇಳಿದ್ದೇನೆ ಎಂದಳು ಭಾಗೀರಥಿ. ಅದೇ ನಿಯಮಗಳ ನಡುವೆ ಇರುವ ಇನ್ನೊಂದು ಕತೆಯನ್ನೂ ಕೇಳಿದ್ದಳು. ಒಬ್ಬ ಭಿಕ್ಕುವಿನ ಮೈ ಹೆಣ್ಣಾಯಿತು. ಸಂಗಡಿಗರು ಬುದ್ಧನಿಗೆ ತಿಳಿಸಿದರು. ಆತ ಅವಳನ್ನು ಭಿಕ್ಕುಣಿಯರ ಕಡೆಗೆ ಕಳಿಸಿದ. ದೀಕ್ಷೆಯೂ ಅದೇ ಇರಲಿ, ಕಳೆದ ವರ್ಷಗಳೂ ಲೆಕ್ಕಕ್ಕಿರಲಿ ಎಂದ.

“ಬುದ್ಧ ಒಂದ ಮಾತಿನ್ಯಾಗ ಮುಗಿಸಿದ. ನಿಮಗ ನಾಕು ಐತವಾರ ಬೇಕಾದವು,” ಎಂದಳು.

ಆಕೆ ನನ್ನ ಕಡೆಗೊಮ್ಮೆ ನೋಡಿದಳು. ನಾನು ಎದ್ದು ಪಕ್ಕದ ಖಾಲಿ ಚಾಪೆಗೆ ಹೋಗಿ ಕುಳಿತಿದ್ದರೆ ಸಾಕಿತ್ತು. ಉಸಿರಾಟ ಗಮನಿಸುತ್ತಿರುವವಳಂತೆ ಕಣ್ಣು ಮುಚ್ಚಿದೆ. ಆಕೆ ಮೆಟ್ಟಿಲಿಳಿದ ಸಪ್ಪಳ ಕೇಳಿತು. ಗಂಗಯ್ಯ ಸರ್ ಗಂಟಲು ಸರಿಮಾಡಿಕೊಂಡು ಎಲ್ಲ ಜೀವಿಗಳ ಮೇಲಿನ ಮೈತ್ರಿಯ ಬಗ್ಗೆ ಅರ್ಧ ತಾಸು ಮಾತಾಡಿದರು. ಆಮೇಲೆ ಉಪ್ಪಿಟ್ಟು ತಿಂದೆವು. ಉಪ್ಪು ಕಡಿಮೆಯಾಗಿದೆ ಎಂದು ಚರ್ಚೆಯಾಯಿತು.

ಎರಡು ತಿಂಗಳ ಮೇಲೆ, ಮನಸ್ಸು ಗಟ್ಟಿ ಮಾಡಿಕೊಂಡು ಆಕೆಯ ಅಂಗಡಿಗೆ ಹೋದೆ. ಮುಂಜಾನೆ ಅಂಗಡಿ ತೆರೆಯುವ ಮೊದಲು ಅಲ್ಲಿ ಅರ್ಧ ತಾಸು ಧ್ಯಾನ ನಡೆಯುತ್ತಿತ್ತು. ಸಂತೆಯಲ್ಲಿ ಕಾಯಿಪಲ್ಯೆ ಮಾರುವ ಕೃಷ್ಣವ್ವ, ಶಾಹಜಾನಬಿಯ ಮೊಮ್ಮಗಳು ಅಂಬರೀನ, ಕಿತ್ತೂರಿನಿಂದ ಬಸ್ಸಿನಲ್ಲಿ ಬರುವ ಮಧು ಎಂಬ ಗೌಂಡಿ ಕೆಲಸದವನು. ಆತ ಇನ್ನೊಬ್ಬ ಗಂಡಸನ್ನು ಪ್ರೀತಿಸಿ ಮನೆ ಬಿಟ್ಟವನು. ಬಟ್ಟೆ ಕತ್ತರಿಸುವ ಹಲಗೆಯ ಸುತ್ತ ಸಿಕ್ಕಲ್ಲಿ ಕುಳಿತಿದ್ದರು.

ಕ್ಷಮೆ ಕೇಳಲು ಒಂದಿಷ್ಟು ಮಾತು ಜೋಡಿಸಿಕೊಂಡು ಹೋಗಿದ್ದೆ. ಭಾಗೀರಥಿ ಅದನ್ನು ಕೇಳುವ ಕಷ್ಟ ತೆಗೆದುಕೊಳ್ಳಲಿಲ್ಲ.

“ನೀವು ಆವತ್ತು ನನ್ನ ಕಡೆ ಸರೀಲಿಲ್ರಿ ಅಕ್ಕೋರ. ಜಾಗಾ ಇತ್ತು,” ಎಂದಳು. ಕೂರಲು ಮಾತ್ರ ಬೇಡವೆನ್ನಲಿಲ್ಲ.

ಈ ವರ್ಷ ಆಕೆ ಅರ್ಜಿ ಹಾಕಿ, ಕಚೇರಿಗೆ ನಾಲ್ಕು ಸಲ ಅಲೆದು, ಗುಮಾಸ್ತನೊಬ್ಬ ಅಡಿಯಿಂದ ಮುಡಿಯವರೆಗೆ ನೋಡಿ ಹಲ್ಲು ಕಿರಿದದ್ದನ್ನು ಸಹಿಸಿ, ಆಧಾರ್ ಕಾರ್ಡಿನಲ್ಲಿ ಭಾಗೀರಥಿ ಎಂದು ಬರೆಸಿಕೊಂಡಳು. ಸುದ್ದಿ ಗಂಗಯ್ಯನವರ ಮಹಡಿಗೂ ಹೋಯಿತು. ‘ನಾನು’ ಇಲ್ಲವೆಂದು ವಾದಿಸಿದವಳಿಗೆ ಹೆಸರಿನ ಆಸೆ ನೋಡಿ ಎಂದು ಅಲ್ಲಿ ನಕ್ಕರಂತೆ. ನಾನದನ್ನು ಆಕೆಗೆ ಹೇಳಿದೆ. ಆಕೆ ದಾರ ಪೋಣಿಸುತ್ತಿದ್ದಳು.

“ಈ ಹೆಸರು ಖರೇ ಅಂತ ಬರಸಿಲ್ರಿ ಅಕ್ಕೋರ. ಆ ಹಳೇದು ಮತ್ತ ಇಂಥಾವ್ರ ಕೈಗೆ ಸಿಗಬಾರದಂತ ಬರಸೇನಿ,” ಎಂದು ಮಶೀನು ತುಳಿದಳು.